ದಾಖಲೆಯಲ್ಲಿಲ್ಲದ ದಾರಿ

ಮಂಜುಶ್ರೀ ಕೆಲಸಕ್ಕೆ ಸೇರಿದ ಮೊದಲ ದಿನವೇ ಏಣಿ ಹತ್ತಬೇಕಾಯಿತು. 2010ರ ಜೂನ್ ತಿಂಗಳು. ಹೆಬ್ಬಾಳದ ರಿಂಗ್ ರಸ್ತೆಯ ಪಕ್ಕದ ಆ ಆಸ್ಪತ್ರೆ ಬಾಗಿಲು ತೆರೆದು ಒಂದೂವರೆ ವರ್ಷವಾಗಿತ್ತಷ್ಟೆ. ಮೂರನೇ ಮಹಡಿಯ ಲ್ಯಾಬಿನಲ್ಲಿ ಒಂದು ಕಂಪ್ಯೂಟರಿಗೆ ನೆಟ್‌ವರ್ಕ್ ಸಿಗುತ್ತಿಲ್ಲವೆಂದು ಕರೆ ಬಂತು. ಪಾಲಿಟೆಕ್ನಿಕ್ಕಿನಿಂದ ಆಗತಾನೇ ಡಿಪ್ಲೊಮಾ ಮುಗಿಸಿ ಬಂದ ಹುಡುಗಿ ಕೀಬೋರ್ಡಿನ ಮುಂದೆ ಕೂತು ತನಗೆ ಗೊತ್ತಿದ್ದದ್ದನ್ನೆಲ್ಲ ಒತ್ತಿ ನೋಡಿದಳು. ಹಿಂದೆ ನಿಂತಿದ್ದ, ಐವತ್ತರ ಹತ್ತಿರದ ತೆಳ್ಳನೆಯ ಮನುಷ್ಯ ಏಣಿ ತಂದು ನಿಲ್ಲಿಸಿದ.

"ಅದ್ರಲ್ಲೇನೂ ಸಿಗಲ್ಲ ಕಣಮ್ಮ. ಮೇಲೆ ಇಲಿ ಕಡ್ದೈತೆ. ಬಾ ಏಣಿಗೆ."

ಫಾಲ್ಸ್ ಸೀಲಿಂಗಿನ ಒಂದು ಹಲಗೆ ಸರಿಸಿ, ಧೂಳಿನಲ್ಲಿ ತಲೆ ತೂರಿಸಿ, ಆತ ತೋರಿಸಿದ ಕಡೆ ಟಾರ್ಚ್ ಬಿಟ್ಟಳು. ಕೇಬಲ್ಲಿನ ನೀಲಿ ತೊಗಟೆ ಹರಿದು ತಾಮ್ರ ಕಾಣುತ್ತಿತ್ತು. ಕೆಳಗಿನಿಂದಲೇ ಆತ, ಯಾವ ಬಣ್ಣದ ಎಳೆಯ ಪಕ್ಕ ಯಾವ ಬಣ್ಣ ಬರಬೇಕೆಂದು ಒಂದೊಂದಾಗಿ ಹೇಳಿದ. ಅವಳು ಜೋಡಿಸಿದಳು. ಕಂಪ್ಯೂಟರ್ ಜೀವ ತಳೆಯಿತು.

ಆತ ವೆಂಕಟಸ್ವಾಮಿ. ಯಲಹಂಕದ ಹಳೇ ಊರಿನವರು. ಮೊದಲು ಟೆಲಿಫೋನ್ ಕೇಬಲ್ ಬೆಸೆಯುವ ಕೆಲಸ, ಆಮೇಲೆ ಕಟ್ಟಡಗಳಿಗೆ ನೆಟ್‌ವರ್ಕ್ ಕೇಬಲ್ ಎಳೆಯುವ ಕೆಲಸ. 2008ರಲ್ಲಿ ಆಸ್ಪತ್ರೆ ಇನ್ನೂ ಇಟ್ಟಿಗೆ ಸಿಮೆಂಟಾಗಿದ್ದಾಗ ಅದರ ಆರೂ ಮಹಡಿಗೆ ಕೇಬಲ್ ಎಳೆದವರು ಅವರೇ. ಕಟ್ಟಡ ಮುಗಿದ ಮೇಲೆ ಗುತ್ತಿಗೆಯ ನೌಕರನಾಗಿ ಅಲ್ಲೇ ಉಳಿದರು. ಪ್ರತಿ ಕೇಬಲ್ಲಿನ ಎರಡು ತುದಿಗೂ ಬಿಳಿ ಟೇಪ್ ಸುತ್ತಿ, ಅದು ಎಲ್ಲಿಂದ ಎಲ್ಲಿಗೆ ಹೋಗುತ್ತದೆಂದು ದುಂಡಗೆ ಬರೆದಿದ್ದರು. ಮಂಜುಶ್ರೀ ಅವರನ್ನು ಸ್ವಾಮಣ್ಣ ಎಂದಳು, ಅವರು ಅವಳನ್ನು ಮಂಜಮ್ಮ ಎಂದರು.

ಮಂಜುಶ್ರೀಯದು ಗೆದ್ದಲಹಳ್ಳಿ. ಸಂಜಯನಗರ ಹುಟ್ಟುವ ಮೊದಲೇ ಅಲ್ಲಿದ್ದ ಊರು. ಅವಳ ತಂದೆ ದೊಡ್ಡಮುನಿಯಪ್ಪನವರು ಸೊಪ್ಪು ಬೆಳೆದಿದ್ದ ಜಾಗದಲ್ಲಿ ಈಗ ಅವರೇ ಕಟ್ಟಿಸಿದ ಬಾಡಿಗೆ ಮನೆಗಳಿದ್ದವು. ಮಗಳ ಸಂಬಳ ನೋಡಿಕೊಂಡು ಬದುಕುವ ಮನೆಯಲ್ಲ ಅದು.

"ಇಂಗೆ ದಿನಾ ಬಸ್ಸಲ್ಲಿ ತೂರಾಡ್ಕೊಂಡು ಓಗೋದೇನೈತೆ? ಮನೇಲಿ ಏನ್ ಕಮ್ಮಿ ಆಗೈತೆ ನಿಂಗೆ?" ಎಂದು ಅವರು ಗೊಣಗುತ್ತಿದ್ದರು.

ತಾಯಿ ವೆಂಕಟಲಕ್ಷ್ಮಮ್ಮ ತಟ್ಟೆಗೆ ಮುದ್ದೆ ಇಡುತ್ತ, "ಓಗ್ಲಿ ಬಿಡಿ. ಬಂದಾಗ ಮುಖ ನೋಡಿದ್ದೀರಾ? ಎಷ್ಟು ಗೆಲುವಾಗಿರ್ತಾಳೆ," ಎನ್ನುತ್ತಿದ್ದರು.

ಅದು ನಿಜ. ಯಾರೋ ಗಾಬರಿಯಿಂದ ಫೋನ್ ಮಾಡುವುದು, ತಾನು ಹೋಗುವುದು, ಕೆಟ್ಟದ್ದು ಸರಿಯಾಗುವುದು, ಎದುರಿನವರ ಮುಖ ಸಡಿಲವಾಗುವುದು. ಈ ಕೆಲಸದಲ್ಲಿ ಅವಳಿಗೆ ಇಷ್ಟವಾದದ್ದು ಅದೇ. ಕಾಯುವುದು ಮಾತ್ರ ಅವಳಿಗೆ ಆಗಿಬರುತ್ತಿರಲಿಲ್ಲ. "ನಾಳೆ ನೋಡೋಣ" ಎಂದವರನ್ನು ಕಂಡರೆ ಸಿಟ್ಟು ಬರುತ್ತಿತ್ತು.

2014ರಲ್ಲಿ ಆಸ್ಪತ್ರೆ ತನ್ನದೇ ಕ್ಲೌಡ್ ಕಟ್ಟಿಸಿತು. ರೋಗಿಗಳ ವಿವರ ಕಟ್ಟಡದಿಂದ ಹೊರಗೆ ಹೋಗಬಾರದೆಂದು ಆಡಳಿತದವರ ಹಟ. ಹಾಗಾಗಿ ಬೇರೆಯವರ ಕ್ಲೌಡಿನಲ್ಲಿ ಜಾಗ ಹಿಡಿಯುವ ಬದಲು ನೆಲಮಾಳಿಗೆಯ ಕೋಣೆಯೊಂದರಲ್ಲಿ ಹದಿನೆಂಟು ದೊಡ್ಡ ಸರ್ವರುಗಳನ್ನು ಜೋಡಿಸಿ ಖಾಸಗಿ ಕ್ಲೌಡ್ ಮಾಡಿದರು. ಲ್ಯಾಬ್, ವಾರ್ಡ್, ಔಷಧಿ ಅಂಗಡಿ, ಬಿಲ್ಲಿಂಗ್, ಪ್ರತಿಯೊಂದು ವಿಭಾಗಕ್ಕೂ ಅದರೊಳಗೇ ಒಂದೊಂದು ಪ್ರತ್ಯೇಕ ನೆಟ್‌ವರ್ಕ್. ಮೊದಲಾದರೆ ಒಂದೊಂದು ವಿಭಾಗಕ್ಕೆ ಒಂದೊಂದು ರೂಟರ್ ಪೆಟ್ಟಿಗೆ ಇರುತ್ತಿತ್ತು. ಹಸಿರು ದೀಪ ಮಿಟುಕುತ್ತಿತ್ತು, ಮುಟ್ಟಿದರೆ ಬೆಚ್ಚಗಿರುತ್ತಿತ್ತು. ಈಗ ಪೆಟ್ಟಿಗೆ ಇಲ್ಲ. ಅದೇ ಕೆಲಸ ಮಾಡುವ ಒಂದು ಪ್ರೋಗ್ರಾಂ ಸರ್ವರಿನ ಹೊಟ್ಟೆಯೊಳಗೆ ಓಡುತ್ತಿರುತ್ತದೆ. ಅದಕ್ಕೆ ವರ್ಚುವಲ್ ರೂಟರ್ ಎಂದು ಹೆಸರು. ಹೊಸ ಕಂಪ್ಯೂಟರ್ ಬಂದರೆ ಅದಕ್ಕೊಂದು ವಿಳಾಸ ಕೊಡುವುದು, ಹೆಸರು ಹೇಳಿದರೆ ವಿಳಾಸ ಹುಡುಕಿಕೊಡುವುದು, ಯಾರು ಒಳಗೆ ಬರಬಹುದು ಯಾರು ಬರಬಾರದೆಂದು ಬಾಗಿಲು ಕಾಯುವುದು, ಒಂದು ವಿಭಾಗದ ಮಾಹಿತಿಯನ್ನು ಇನ್ನೊಂದಕ್ಕೆ ದಾರಿ ತೋರಿಸಿ ಕಳಿಸುವುದು, ಎಲ್ಲವೂ ಅದರದೇ.

ಅದಕ್ಕೊಂದು ವಿಚಿತ್ರ ಗುಣವೂ ಇತ್ತು. ಕೆಟ್ಟರೆ ಅದನ್ನು ರಿಪೇರಿ ಮಾಡುವುದಿಲ್ಲ. ಅಳಿಸಿ, ಹೊಸದೊಂದನ್ನು ಹುಟ್ಟಿಸುತ್ತಾರೆ. ಕ್ಲೌಡಿನ ಮುಖ್ಯ ದಾಖಲೆಯಲ್ಲಿ ಆ ರೂಟರಿನ ಬಗ್ಗೆ ಏನೇನು ಬರೆದಿದೆಯೋ ಅಷ್ಟನ್ನು ಓದಿಕೊಂಡು ಹೊಸದು ಎರಡು ನಿಮಿಷದಲ್ಲಿ ಎದ್ದು ನಿಲ್ಲುತ್ತದೆ. ದಾಖಲೆಯಲ್ಲಿ ಇಲ್ಲದ್ದು ಅದಕ್ಕೆ ಗೊತ್ತಿರುವುದಿಲ್ಲ.

ಕಳಚಿದ ಹಳೆಯ ಪೆಟ್ಟಿಗೆಗಳನ್ನು ಗುಜರಿ ಕೋಣೆಗೆ ಹೊತ್ತು ಹಾಕಿದವರು ವೆಂಕಟಸ್ವಾಮಿ. ಅವರಿಗೆ ಹೊಸ ವಿದ್ಯೆ ಸುಲಭವಾಗಿ ಹತ್ತಲಿಲ್ಲ. ಆದರೆ ಬಿಡಲೂ ಇಲ್ಲ. ನೂರು ಪುಟದ ನೋಟ್ ಬುಕ್ಕಿನಲ್ಲಿ ಯಾವ ಗುಂಡಿ ಒತ್ತಿದ ಮೇಲೆ ಯಾವುದು ಎಂದು ಕನ್ನಡದಲ್ಲಿ ಬರೆದುಕೊಂಡು, ಮಂಜುಶ್ರೀಯ ಪಕ್ಕ ಕೂತು ಮತ್ತೆ ಮತ್ತೆ ಕೇಳಿ ಕಲಿತರು. ಹೊಸದಾಗಿ ಬಂದಿದ್ದ ಐಟಿ ಮ್ಯಾನೇಜರ್ ಸುಬ್ರಮಣಿ ಇದನ್ನು ಕಂಡು, "ಇವ್ರನ್ನ ಕೇಬಲ್ಲಿಗೇ ಇಟ್ಕೊಳ್ಳಿ ಮಂಜುಶ್ರೀ, ಕ್ಲೌಡ್ ಮುಟ್ಟಿಸ್ಬೇಡಿ," ಎಂದು ಒಮ್ಮೆ ನಕ್ಕು ಹೇಳಿದ್ದ. ಆಗ ಅವಳೇ ಅವರ ಪರವಾಗಿ ನಿಂತು, "ಇಲ್ಲ ಸರ್, ಅವರು ಬರ್ದಿರೋದನ್ನ ಒಂದು ಅಕ್ಷರ ತಪ್ಪದೆ ಮಾಡ್ತಾರೆ," ಎಂದಿದ್ದಳು.

2016ರ ಅಕ್ಟೋಬರಿನಲ್ಲಿ ಲ್ಯಾಬಿನ ಸರದಿ ಬಂತು. ಲ್ಯಾಬಿನ ಸಾಫ್ಟ್‌ವೇರ್ ಕ್ಲೌಡಿಗೆ ಹೋಯಿತು. ಆದರೆ ರಕ್ತ ಪರೀಕ್ಷೆ ಮಾಡುವ ನಾಲ್ಕು ಹಳೆಯ ಯಂತ್ರಗಳು ಕ್ಲೌಡಿಗೆ ಹೋಗುವಂಥವಲ್ಲ. ಅವು ವೆಂಕಟಸ್ವಾಮಿ ಎಳೆದಿದ್ದ ಹಳೆಯ ಕೇಬಲ್ಲಿನಲ್ಲೇ ಉಳಿದವು. ಹಳೆಯ ಯಂತ್ರಗಳಿಂದ ಹೊಸ ಸಾಫ್ಟ್‌ವೇರಿಗೆ ಒಂದು ದಾರಿ ಬೇಕಿತ್ತು. ಅದನ್ನು ಲ್ಯಾಬಿನ ವರ್ಚುವಲ್ ರೂಟರಿಗೆ ಹೇಳಬೇಕು. ಕ್ಲೌಡಿನ ಪರದೆಯಲ್ಲಿ ಅಂಥ ದಾರಿ ಸೇರಿಸುವ ಅವಕಾಶವೇ ಇರಲಿಲ್ಲ. ಕ್ಲೌಡ್ ಕಟ್ಟಿಕೊಟ್ಟ ಕಂಪನಿಯವರನ್ನು ಕೇಳಿದರೆ ಮೂರು ವಾರ ಆಗುತ್ತದೆಂದರು.

ಅಲ್ಲಿಯವರೆಗೆ ಲ್ಯಾಬಿನವರು ಫಲಿತಾಂಶವನ್ನು ಚೀಟಿಯಲ್ಲಿ ಬರೆದು ಆರು ಮಹಡಿ ಓಡಾಡಬೇಕು. ಎರಡನೇ ದಿನ ಲ್ಯಾಬಿನ ಮುಖ್ಯಸ್ಥೆ ನೆಲಮಾಳಿಗೆಗೇ ಇಳಿದು ಬಂದು, "ನಿಮ್ಮ ಕ್ಲೌಡ್ ಯಾರಿಗ್ರೀ ಬೇಕಿತ್ತು?" ಎಂದು ಕೂಗಾಡಿದರು. ಮಂಜುಶ್ರೀಗೆ ತಡೆಯಲಾಗಲಿಲ್ಲ. ಅವರು ಮೇಲೆ ಹೋಗುತ್ತಲೇ ಆ ವರ್ಚುವಲ್ ರೂಟರಿನ ಒಳಕ್ಕೆ ನೇರವಾಗಿ ಇಳಿದು, ಕೈಯಿಂದ ಒಂದು ಸಾಲು ಟೈಪ್ ಮಾಡಿದಳು. ರೂಟರ್ ಮಲಗಿ ಎದ್ದರೂ ಉಳಿಯಲಿ ಎಂದು ಅದು ಎದ್ದೇಳುವಾಗ ಓದುವ ಕಡತದಲ್ಲೂ ಸೇರಿಸಿದಳು. ಮರುಕ್ಷಣ ವಾರ್ಡಿನ ಪರದೆಗಳಲ್ಲಿ ಫಲಿತಾಂಶಗಳು ಬರತೊಡಗಿದವು. ಮುಖ್ಯಸ್ಥೆ ಮತ್ತೆ ಇಳಿದು ಬಂದರು, ಈ ಸಲ ಒಂದು ಡಬ್ಬಿ ಮೈಸೂರ್‌ಪಾಕ್ ಹಿಡಿದುಕೊಂಡು.

ನೆಟ್‌ವರ್ಕಿನಲ್ಲಿ ಏನು ಬದಲಾಯಿಸಿದರೂ ಫಾರಂ ತುಂಬಬೇಕೆಂಬ ನಿಯಮವಿತ್ತು. ಮಂಜುಶ್ರೀ ಫಾರಂ ತೆರೆದಳು. ತುಂಬಿದರೆ ಸುಬ್ರಮಣಿ ಕಂಪನಿಯವರಿಗೆ ಕಳಿಸುತ್ತಾನೆ, ಅವರು ರೂಟರಿನ ಒಳಗೆ ಕೈ ಹಾಕಿದ್ದು ತಪ್ಪೆಂದು ಸಾಲನ್ನು ತೆಗೆಸುತ್ತಾರೆ, ಮತ್ತೆ ಮೂರು ವಾರ ಚೀಟಿ. ಕಂಪನಿಯವರು ಸರಿಯಾದ ಪರಿಹಾರ ಕೊಟ್ಟಾಗ ಇದನ್ನು ತೆಗೆದರಾಯಿತು ಎಂದುಕೊಂಡು ಫಾರಂ ಮುಚ್ಚಿದಳು. ಎಲ್ಲ ಸರಿಯಾಗಿ ನಡೆಯುತ್ತಿದೆಯಲ್ಲ ಎಂದು ಕಂಪನಿಯವರು ಆ ದೂರನ್ನೇ ಮುಚ್ಚಿದರು. ಮಂಜುಶ್ರೀಗೆ ಆ ವರ್ಷದ ಒಳ್ಳೆಯ ಕೆಲಸಗಾರ್ತಿ ಎಂದು ಪ್ರಶಂಸಾ ಪತ್ರ ಬಂತು. ದೊಡ್ಡಮುನಿಯಪ್ಪನವರು ಅದಕ್ಕೆ ಕಟ್ಟು ಹಾಕಿಸಿ ನಡುಮನೆಯಲ್ಲಿ ನೇತುಹಾಕಿದರು.

ಐದು ತಿಂಗಳು ಕಳೆಯಿತು. 2017ರ ಮಾರ್ಚಿನಲ್ಲಿ ವರ್ಚುವಲ್ ರೂಟರುಗಳಲ್ಲಿ ಏನೋ ಭದ್ರತೆಯ ದೋಷವಿದೆಯೆಂದೂ ಎಲ್ಲವನ್ನೂ ಅಳಿಸಿ ಹೊಸ ಆವೃತ್ತಿಯಲ್ಲಿ ಹುಟ್ಟಿಸಬೇಕೆಂದೂ ಕಂಪನಿಯಿಂದ ಸೂಚನೆ ಬಂತು. ಹದಿನಾಲ್ಕು ಹೆಜ್ಜೆಗಳ ಪಟ್ಟಿ ಕೊಟ್ಟಿದ್ದರು. ಭಾನುವಾರ ಬೆಳಿಗ್ಗೆ ಮಾಡುವುದೆಂದು ತೀರ್ಮಾನವಾಯಿತು. ಆ ಭಾನುವಾರ ಮಂಜುಶ್ರೀಯ ಅಣ್ಣನ ಮನೆಯ ಗೃಹಪ್ರವೇಶ. "ನೀನು ಓಗು ಮಂಜಮ್ಮ. ಪಟ್ಟಿ ಐತಲ್ಲ, ನಾನು ಮಾಡ್ತೀನಿ," ಎಂದರು ವೆಂಕಟಸ್ವಾಮಿ. ಅವಳಿಗೆ ತನ್ನ ಸಾಲು ನೆನಪಾಗಲಿಲ್ಲ. ನೆನಪಾಗಬೇಕಿತ್ತು. ಆದರೆ ಐದು ತಿಂಗಳು ತಕರಾರಿಲ್ಲದೆ ನಡೆದ ಯಾವುದನ್ನೂ ಅವಳು ಹಿಂತಿರುಗಿ ನೋಡಿದವಳಲ್ಲ.

ಬೆಳಿಗ್ಗೆ ಹತ್ತಕ್ಕೆ ವೆಂಕಟಸ್ವಾಮಿ ಶುರು ಮಾಡಿದರು. ಹದಿನಾಲ್ಕೂ ಹೆಜ್ಜೆ ಆದಂತೆ ಟಿಕ್ ಹಾಕಿಕೊಂಡರು. ಪಟ್ಟಿಯಲ್ಲಿದ್ದ ಎಲ್ಲ ಪರೀಕ್ಷೆಗಳನ್ನೂ ಮಾಡಿದರು. ಪರದೆಯ ಮೇಲೆ ಎಲ್ಲವೂ ಹಸಿರು. ಹಳೆಯ ಯಂತ್ರಗಳಿಗೆ ಹೋಗುವ ದಾರಿಯನ್ನು ಪರೀಕ್ಷಿಸಿ ಎಂದು ಪಟ್ಟಿಯಲ್ಲಿ ಇರಲಿಲ್ಲ. ಅಂಥ ದಾರಿಯೊಂದು ಇತ್ತೆಂದೇ ಯಾವ ದಾಖಲೆಯಲ್ಲೂ ಇರಲಿಲ್ಲವಲ್ಲ.

ಅದೇ ಹೊತ್ತಿಗೆ ನಾಲ್ಕನೇ ಮಹಡಿಯ ವಾರ್ಡಿನಲ್ಲಿ ಸಂಗವ್ವ ಎಂಬ ಐವತ್ತೆಂಟು ವರ್ಷದ ಹೆಂಗಸಿನ ರಕ್ತ ತೆಗೆದರು. ಗದಗಿನ ಕಡೆಯವಳು. ಗೊರಗುಂಟೆಪಾಳ್ಯದಲ್ಲಿ ಮಗಳ ಜೊತೆ ಇದ್ದು, ಯಶವಂತಪುರದ ಮಾರುಕಟ್ಟೆಯಲ್ಲಿ ಈರುಳ್ಳಿ ಆರಿಸುವ ಕೆಲಸ ಮಾಡುತ್ತಿದ್ದಳು. ಕಿಡ್ನಿಯ ತೊಂದರೆಯಿಂದ ಎರಡು ದಿನದ ಹಿಂದೆ ದಾಖಲಾಗಿದ್ದಳು. ಹನ್ನೊಂದೂ ಕಾಲಿಗೆ ಯಂತ್ರ ಫಲಿತಾಂಶ ಕೊಟ್ಟಿತು: ರಕ್ತದಲ್ಲಿ ಪೊಟ್ಯಾಸಿಯಂ ಅಪಾಯದ ಮಟ್ಟ ದಾಟಿತ್ತು. ಕೂಡಲೇ ಔಷಧಿ ಕೊಡದಿದ್ದರೆ ಹೃದಯ ನಿಲ್ಲಬಹುದಾದಷ್ಟು. ಯಂತ್ರ ಅದನ್ನು ಕಳಿಸಿತು. ಹೊಸ ರೂಟರಿಗೆ ಆ ದಾರಿ ಗೊತ್ತಿರಲಿಲ್ಲ. ವಾರ್ಡಿನ ಪರದೆಯಲ್ಲಿ 'ಫಲಿತಾಂಶ ಬಾಕಿ' ಎಂದೇ ಇತ್ತು. ಇಂಥ ಫಲಿತಾಂಶವನ್ನು ಫೋನ್ ಮಾಡಿಯೂ ಹೇಳಬೇಕೆಂದು ಲ್ಯಾಬಿನ ನಿಯಮದ ಪುಸ್ತಕದಲ್ಲಿತ್ತು. ಆದರೆ ಪರದೆಯ ಮೇಲೆ ಕೆಂಪಾಗಿ ಹೊಳೆಯುವ ವ್ಯವಸ್ಥೆ ಬಂದ ಮೇಲೆ ಯಾರೂ ಫೋನ್ ಮಾಡುತ್ತಿರಲಿಲ್ಲ. ಭಾನುವಾರ ತಡವಾಗುವುದು ಇದ್ದದ್ದೇ ಎಂದು ವಾರ್ಡಿನ ನರ್ಸೂ ಕಾಯುತ್ತಿದ್ದಳು. ಮಧ್ಯಾಹ್ನ ಎರಡರ ಸುಮಾರಿಗೆ ಸಂಗವ್ವನ ಹೃದಯ ನಿಂತಿತು.

ಮೂರು ಗಂಟೆಗೆ ಮಂಜುಶ್ರೀ ಗೃಹಪ್ರವೇಶದ ಮನೆಯಲ್ಲಿ ಬಂದವರಿಗೆ ಎಲೆ ಅಡಿಕೆ ಕೊಡುತ್ತಿದ್ದಳು. ಫೋನ್ ಬಂತು.

"ಮಂಜಮ್ಮಾ, ಲ್ಯಾಬಿಂದ ಬೆಳಗ್ಗಿಂದ ವಾರ್ಡಿಗೆ ಏನೂ ಬಂದಿಲ್ವಂತೆ. ನಂಗೆ ಎಲ್ಲಾ ಅಸಿರಾಗೇ ಕಾಣ್ತೈತೆ. ಎಲ್ಲಿ ತಪ್ಪಿದೀನೋ ಗೊತ್ತಾಗ್ತಿಲ್ಲ," ಎಂದರು ವೆಂಕಟಸ್ವಾಮಿ.

ಆ ಕ್ಷಣವೇ ಅವಳಿಗೆ ತಿಳಿಯಿತು. ಕೈಯಲ್ಲಿದ್ದ ತಟ್ಟೆಯನ್ನು ಯಾರಿಗೋ ಕೊಟ್ಟು ಒಳಕೋಣೆಗೆ ಹೋದಳು. ಚೀಲದಲ್ಲಿದ್ದ ಲ್ಯಾಪ್‌ಟಾಪ್ ತೆಗೆದು ಮೊಬೈಲಿನ ಮೂಲಕ ಆಸ್ಪತ್ರೆಗೆ ಸೇರಿ, ಹೊಸ ರೂಟರಿನೊಳಗೆ ಇಳಿದು, ಅದೇ ಸಾಲನ್ನು ಮತ್ತೆ ಟೈಪ್ ಮಾಡಿದಳು.

"ಬಂತು, ಬಂತು!" ಎಂದರು ವೆಂಕಟಸ್ವಾಮಿ ಫೋನಿನಲ್ಲಿ. "ಏನಾಗಿತ್ತಮ್ಮ?"

"ರೂಟರ್ ಸರಿಯಾಗಿ ಎದ್ದಿರ್ಲಿಲ್ಲ ಅನ್ಸುತ್ತೆ ಅಣ್ಣ. ನಾನು ಸರಿ ಮಾಡ್ದೆ."

ಆ ಸುಳ್ಳು ಹೇಳುವಾಗ ಸಂಗವ್ವನ ವಿಷಯ ಅವಳಿಗೆ ಗೊತ್ತಿರಲಿಲ್ಲ. ಯಾರಿಗೂ ಏನೂ ಆಗಿಲ್ಲ, ಸೋಮವಾರ ಫಾರಂ ತುಂಬಿದರಾಯಿತು ಎಂದುಕೊಂಡಿದ್ದಳು. ಸೋಮವಾರ ಬೆಳಿಗ್ಗೆ ಕೆಲಸಕ್ಕೆ ಹೋದಾಗ ಲಿಫ್ಟಿನಲ್ಲಿ ಇಬ್ಬರು ನರ್ಸುಗಳು ಮಾತಾಡಿಕೊಳ್ಳುತ್ತಿದ್ದರು. ಸಂಗವ್ವನ ಹೃದಯವನ್ನು ವೈದ್ಯರು ಮತ್ತೆ ಬಡಿಯುವಂತೆ ಮಾಡಿದ್ದರು. ಆದರೆ ಪ್ರಜ್ಞೆ ಬಂದಿರಲಿಲ್ಲ.

ಬುಧವಾರ ವಿಚಾರಣೆ ನಡೆಯಿತು. ಮೇಜಿನ ಸುತ್ತ ಐದು ಜನ ಕೂತಿದ್ದರು. ವೆಂಕಟಸ್ವಾಮಿ ತಮ್ಮ ನೋಟ್ ಬುಕ್ಕನ್ನೂ ಟಿಕ್ ಹಾಕಿದ ಪಟ್ಟಿಯನ್ನೂ ತಂದಿದ್ದರು.

"ಹದಿನಾಲ್ಕೂ ಮಾಡಿದೀನಿ ಸಾರ್. ನೋಡಿ, ಟೈಮೂ ಬರ್ದಿದೀನಿ."

"ಮಾಡಿದ್ರೆ ಯಾಕ್ರೀ ನಿಂತುಹೋಯ್ತು?" ಎಂದ ಸುಬ್ರಮಣಿ.

ವೆಂಕಟಸ್ವಾಮಿ ಪಟ್ಟಿಯನ್ನು ಮತ್ತೆ ಮೊದಲಿನಿಂದ ನೋಡತೊಡಗಿದರು. ಅಳಿಸಿಹೋದ ಹಳೆಯ ರೂಟರಿನ ಜೊತೆ ಅದರ ದಿನಚರಿಯೂ ಅಳಿಸಿತ್ತು, ಅಕ್ಟೋಬರಿನಲ್ಲಿ ಯಾರು ಏನು ಬರೆದರೆಂದು ತೋರಿಸುವುದೇನೂ ಉಳಿದಿರಲಿಲ್ಲ. ಸುಬ್ರಮಣಿ ಮಂಜುಶ್ರೀಯ ಕಡೆ ತಿರುಗಿದ. "ನೀವು ಸರಿ ಮಾಡಿದ್ದು. ನಿಮ್ಮ ಅಭಿಪ್ರಾಯ ಏನು?"

ಹೇಳಬೇಕಾದದ್ದು ಏನೆಂದು ಅವಳಿಗೆ ಗೊತ್ತಿತ್ತು. ನಾಲ್ಕನೇ ಮಹಡಿಯಲ್ಲಿ ಉಸಿರಿನ ಯಂತ್ರ ಹಾಕಿಸಿಕೊಂಡು ಮಲಗಿದ್ದ ಹೆಂಗಸನ್ನು ಬೆಳಿಗ್ಗೆ ಗಾಜಿನಾಚೆಯಿಂದ ನೋಡಿ ಬಂದಿದ್ದಳು. ಬಾಯಿ ತೆರೆದಾಗ ಹೊರಬಂದದ್ದು ಬೇರೆ.

"ಒಂದು ಹೆಜ್ಜೆ ಪೂರ್ತಿ ಆಗೋ ಮುಂಚೆ ಮುಂದಿನದನ್ನ ಶುರು ಮಾಡಿರಬಹುದು ಸರ್."

ಅವಳು 'ಇರಬಹುದು' ಎಂದಿದ್ದಳು. ವರದಿಯಲ್ಲಿ ಅದು 'ಮಾಡಿದ್ದಾರೆ' ಎಂದಾಯಿತು. ಲ್ಯಾಬಿನವರು ಫೋನ್ ಮಾಡದ ವಿಷಯ ಕೊನೆಯ ಪುಟದಲ್ಲಿ ಎರಡು ವಾಕ್ಯವಾಗಿ ಮುಗಿಯಿತು. ವೆಂಕಟಸ್ವಾಮಿಯವರ ಗುತ್ತಿಗೆಯನ್ನು ಆ ವಾರವೇ ಕೊನೆಗೊಳಿಸಿದರು.

ಕೊನೆಯ ದಿನ ಅವರು ಕೇಬಲ್ ತುದಿ ಒತ್ತುವ ತಮ್ಮ ಕ್ರಿಂಪಿಂಗ್ ಇಕ್ಕಳ, ಟಾರ್ಚು, ಟೇಪಿನ ಸುರುಳಿಗಳನ್ನು ಚೀಲಕ್ಕೆ ಹಾಕಿಕೊಂಡರು. "ನೀನು ಆವತ್ತು ನನ್ ಪರವಾಗಿ ಮಾತಾಡಿ ಕ್ಲೌಡ್ ಮುಟ್ಟಿಸ್ದೆ. ಸಾಯೇಬ್ರು ಯೇಳಿದ್ದೇ ಸರಿ ಇತ್ತು ಮಂಜಮ್ಮ. ನಂಗೆ ಇದು ಅತ್ತಲಿಲ್ಲ," ಎಂದರು. ಅವಳು ಗೇಟಿನವರೆಗೆ ಅವರ ಚೀಲ ಹೊತ್ತುಕೊಂಡು ಹೋದಳು.

ಸಂಗವ್ವ ಹನ್ನೊಂದನೇ ದಿನ ಕಣ್ಣು ತೆರೆದಳು. ಆದರೆ ಮಾತು ತೊದಲಿತು, ಕೈ ನಡುಗಿತು, ನೆನಪು ಅಲ್ಲಲ್ಲಿ ಖಾಲಿಯಾಗಿತ್ತು. ಮುಂದಿನ ಚಿಕಿತ್ಸೆಯನ್ನೆಲ್ಲ ಉಚಿತವಾಗಿ ಕೊಡುವುದಾಗಿ ಹೇಳಿ, ಇನ್ನು ಯಾವ ದೂರೂ ಕೊಡುವುದಿಲ್ಲವೆಂಬ ಕಾಗದಕ್ಕೆ ಆಸ್ಪತ್ರೆ ಅವಳ ಮಗಳಿಂದ ಸಹಿ ಮಾಡಿಸಿಕೊಂಡಿತು.

ಮಂಜುಶ್ರೀಯನ್ನು ಕ್ಲೌಡ್ ವಿಭಾಗದ ಮುಖ್ಯಸ್ಥೆಯನ್ನಾಗಿ ಮಾಡಿದರು. ಅವಳಿಗೆ ಊಟ ಸೇರದಾಯಿತು. ಫೋನ್ ಶಬ್ದವಾದರೆ ಬೆಚ್ಚುವಳು. ಮದುವೆಗೆ ಬಂದ ಎರಡು ಗಂಡುಗಳನ್ನು ಕಾರಣ ಹೇಳದೆ ಬೇಡವೆಂದಳು. "ಯಾರನ್ನಾದ್ರೂ ಮನಸ್ಸಲ್ಲಿ ಇಟ್ಕೊಂಡಿದ್ರೆ ಯೇಳವ್ವ," ಎಂದು ತಾಯಿ ಗುಟ್ಟಾಗಿ ಕೇಳಿದರು. ಅವಳ ಮನಸ್ಸಿನಲ್ಲಿದ್ದವರು ಇಬ್ಬರು, ತಾಯಿ ಊಹಿಸಿದ ಬಗೆಯವರಲ್ಲ. ನಡುಮನೆಗೆ ಹೋದಾಗಲೆಲ್ಲ ಕಟ್ಟು ಹಾಕಿದ ಪ್ರಶಂಸಾ ಪತ್ರ ಕಣ್ಣಿಗೆ ಬೀಳುತ್ತಿತ್ತು. ಒಂದು ದಿನ ಅದನ್ನು ತೆಗೆದು ಬೀರುವಿನ ಹಿಂದೆ ಇಟ್ಟಳು. ದೊಡ್ಡಮುನಿಯಪ್ಪನವರು ಹುಡುಕಿ ತೆಗೆದು ಮತ್ತೆ ನೇತುಹಾಕಿದರು.

ಆಗಸ್ಟಿನಲ್ಲಿ ಕಂಪನಿಯಿಂದ ಮತ್ತೆ ಸೂಚನೆ ಬಂತು: ವರ್ಚುವಲ್ ರೂಟರುಗಳನ್ನೆಲ್ಲ ಇನ್ನೊಮ್ಮೆ ಅಳಿಸಿ ಹುಟ್ಟಿಸಬೇಕು. ಈ ಸಲ ಕೆಲಸ ಅವಳದೇ. ಸದ್ದಿಲ್ಲದೆ ಆ ಸಾಲನ್ನು ಮೂರನೇ ಸಲ ಬರೆದರೆ ಯಾರಿಗೂ ತಿಳಿಯುತ್ತಿರಲಿಲ್ಲ. ತನ್ನ ನಂತರ ಬರುವವರು ಯಾರೋ ಮತ್ತೆ ಹದಿನಾಲ್ಕು ಹೆಜ್ಜೆ ತಪ್ಪದೆ ಮಾಡುತ್ತಾರೆ, ಮತ್ತೆ ಎಲ್ಲ ಹಸಿರಾಗಿ ಕಾಣುತ್ತದೆ, ನಾಲ್ಕನೇ ಮಹಡಿಯಲ್ಲಿ ಇನ್ನೊಬ್ಬರು ಮಲಗಿರುತ್ತಾರೆ. ಈ ಯೋಚನೆ ಬಂದ ಮೇಲೆ ಅವಳಿಗೆ ಕುರ್ಚಿಯಲ್ಲಿ ಕೂರಲಾಗಲಿಲ್ಲ. ಅರ್ಧ ದಿನ ರಜೆ ಹಾಕಿ ಯಲಹಂಕದ ಬಸ್ ಹತ್ತಿದಳು.

ವೆಂಕಟಸ್ವಾಮಿ ಮನೆಯ ಜಗಲಿಯ ಮೇಲೆ ಕೂತಿದ್ದರು. ಗಡ್ಡ ಬೆಳೆದಿತ್ತು. ಅವರ ಹೆಂಡತಿ ಮುನಿನಾರಾಯಣಮ್ಮ ಬಾಗಿಲಲ್ಲೇ ಅವಳಿಗೆ ಪಿಸುಗುಟ್ಟಿದರು: "ಕೆಲ್ಸಕ್ಕೆ ಯಾರ್ ಕರೆದ್ರೂ ಓಗಲ್ಲ ಕಣವ್ವ. ಮನೇಲಿ ಫ್ಯೂಸ್ ಓದ್ರೂ ಮುಟ್ಟಲ್ಲ. ಒಂದು ಜೀವ ಆಳು ಮಾಡ್ದೆ ಅಂತಾರೆ. ನೀನಾದ್ರೂ ಯೇಳು."

ಮಂಜುಶ್ರೀ ಅವರ ಎದುರು ಕೆಳಗೆ ಕೂತಳು. ಪೀಠಿಕೆ ಹಾಕಲಿಲ್ಲ. ಅಕ್ಟೋಬರಿನಲ್ಲಿ ಬರೆದ ಸಾಲು, ತುಂಬದೆ ಬಿಟ್ಟ ಫಾರಂ, ಗೃಹಪ್ರವೇಶದ ಮನೆಯಿಂದ ಹೇಳಿದ ಸುಳ್ಳು, ವಿಚಾರಣೆಯಲ್ಲಿ ಆಡಿದ ಮಾತು, ಎಲ್ಲವನ್ನೂ ಹೇಳಿದಳು. ವೆಂಕಟಸ್ವಾಮಿ ಅವಳ ಮುಖವನ್ನೇ ನೋಡುತ್ತಿದ್ದರು. ಆಮೇಲೆ ಎದ್ದು ಒಳಗೆ ಹೋಗಿ ನೋಟ್ ಬುಕ್ಕು ಪೆನ್ನು ತಂದು ಅವಳ ಮುಂದಿಟ್ಟರು.

"ಬರಿ. ಯಾವ ಸಾಲು?"

ಅವಳು ಬರೆದಳು. ಅವರು ಅದನ್ನು ಬೆರಳಿಟ್ಟು ಓದಿದರು.

"ಇದು ಪಟ್ಟೀಲಿ ಇರ್ಲಿಲ್ಲ."

"ಇರ್ಲಿಲ್ಲ ಅಣ್ಣ."

"ನಾನು ಮಾಡಿದ್ರಲ್ಲಿ ತಪ್ಪಿಲ್ಲ?"

"ಒಂದೂ ತಪ್ಪಿಲ್ಲ."

ಅವರ ಕಣ್ಣಲ್ಲಿ ನೀರು ಬಂತು, ಜೊತೆಗೇ ಮುಖ ಬಿಗಿಯಿತು. "ಐದು ತಿಂಗ್ಳು ಮಂಜಮ್ಮ. ಐದು ತಿಂಗ್ಳು ನಾನು ಆ ಅದಿನಾಲ್ಕು ಎಜ್ಜೇನೂ ದಿನಾ ಮನಸ್ಸಲ್ಲೇ ಮಾಡಿದೀನಿ. ಎಲ್ಲಿ ತಪ್ದೆ, ಎಲ್ಲಿ ತಪ್ದೆ ಅಂತ. ನನ್ ಕೈನೇ ನಂಗೆ ನಂಬಿಕೆ ಇಲ್ದಂಗೆ ಮಾಡ್ಬಿಟ್ಟೆ."

ಅವಳು ಅವರ ಕಾಲಿಗೆ ಕೈ ಚಾಚಿದಳು. ಅವರು ಕಾಲು ಹಿಂದಕ್ಕೆ ಎಳೆದುಕೊಂಡರು.

"ನಂಗೆ ಯೇಳಿದ್ರೆ ಏನ್ ಬಂತು? ಎಲ್ಲಿ ಯೇಳ್ಬೇಕೋ ಅಲ್ಲಿ ಯೇಳು. ಓಗು."

ಮರುದಿನ ಅವಳು ಸುಬ್ರಮಣಿಯ ಕೋಣೆಗೆ ಹೋಗಿ ಮೂರು ಪುಟದ ಹೇಳಿಕೆ ಕೊಟ್ಟಳು. ಅವನು ಓದಿ, ಎದ್ದು ಬಾಗಿಲು ಮುಚ್ಚಿ ಬಂದ.

"ಆ ಫೈಲ್ ಕ್ಲೋಸ್ ಆಗಿದೆ ಮಂಜುಶ್ರೀ. ಪೇಷೆಂಟ್ ಕಡೆಯವ್ರು ಸೈನ್ ಮಾಡಿದಾರೆ. ಈಗ ಇದನ್ನ ಎತ್ತಿದ್ರೆ ಯಾರಿಗೆ ಒಳ್ಳೇದು? ರೂಟ್‌ನ ಈಗ ಸರಿಯಾಗಿ ಡಾಕ್ಯುಮೆಂಟ್ ಮಾಡಿ, ಸಾಕು. ಒಂದು ವಾರ ರೆಸ್ಟ್ ತಗೊಳ್ಳಿ."

"ಸ್ವಾಮಣ್ಣ ಮನೇಲಿ ಕೂತಿದಾರೆ ಸರ್."

"ಅವ್ರು ಹೇಗೂ ಎರಡು ವರ್ಷದಲ್ಲಿ ರಿಟೈರ್ ಆಗೋರು."

ಆ ಮಾತು ಕೇಳಿ ಅವಳ ಹೆದರಿಕೆ ಹೋಯಿತು. ತನ್ನ ಮೇಜಿಗೆ ಹಿಂದಿರುಗಿ, ಹೇಳಿಕೆಯ ಜೊತೆ ಆ ಭಾನುವಾರ ಮೂರೂ ಹತ್ತಕ್ಕೆ ತಾನು ಹೊಸ ರೂಟರಿನೊಳಗೆ ಇಳಿದದ್ದನ್ನು ತೋರಿಸುವ ದಿನಚರಿಯ ಪುಟವನ್ನೂ ಸೇರಿಸಿ, ವಿಚಾರಣೆಯ ಮೇಜಿನ ಸುತ್ತ ಕೂತಿದ್ದ ಎಲ್ಲರಿಗೂ ಕಳಿಸಿದಳು. ಆ ಸಂಜೆ ಮನೆಯಲ್ಲೂ ಹೇಳಿದಳು. ದೊಡ್ಡಮುನಿಯಪ್ಪನವರು ಎಲ್ಲ ಕೇಳಿ, "ಗೊತ್ತಿದ್ದೂ ಬಾಯಿ ಮುಚ್ಕೊಂಡಿದ್ಯಾ?" ಎಂದರು. ಕೂಗಲಿಲ್ಲ. ಎದ್ದು ಹೋಗಿ ಗೋಡೆಯ ಮೇಲಿನ ಪ್ರಶಂಸಾ ಪತ್ರವನ್ನು ತಾವೇ ಇಳಿಸಿದರು. ಎರಡು ದಿನ ಅವಳ ಜೊತೆ ಮಾತಾಡಲಿಲ್ಲ.

ಹತ್ತು ದಿನಗಳ ಮೇಲೆ ಅವಳಿಂದ ರಾಜೀನಾಮೆ ಬರೆಸಿಕೊಂಡರು. ಬರೆಯುವ ಮುನ್ನ ಅವಳು ಒಂದನ್ನು ಮಾತ್ರ ಕೇಳಿದಳು: ವೆಂಕಟಸ್ವಾಮಿಯವರ ತಪ್ಪಿಲ್ಲವೆಂದು ಬರೆದ ಪತ್ರ. ಸುಬ್ರಮಣಿ ಆಗುವುದಿಲ್ಲವೆಂದ. ವಿಚಾರಣೆಯಲ್ಲಿ ಕೂತಿದ್ದ ಹಿರಿಯ ವೈದ್ಯರೊಬ್ಬರು, "ಅಂದು ನಾವೂ ಎರಡು ಪ್ರಶ್ನೆ ಹೆಚ್ಚಿಗೆ ಕೇಳಬಹುದಿತ್ತು," ಎಂದು ಹೇಳಿ, ಆಸ್ಪತ್ರೆಯ ಕಾಗದದಲ್ಲಿ ನಾಲ್ಕು ಸಾಲು ಬರೆದು ಸಹಿ ಹಾಕಿದರು. ಕೆಲಸ ವಾಪಸ್ ಕೊಡುವ ಮಾತು ಯಾರೂ ಎತ್ತಲಿಲ್ಲ. ಪತ್ರವನ್ನು ಮಂಜುಶ್ರೀಯೇ ಯಲಹಂಕಕ್ಕೆ ಒಯ್ದಳು. ವೆಂಕಟಸ್ವಾಮಿ ಮನೆಯಲ್ಲಿರಲಿಲ್ಲ, ಮುನಿನಾರಾಯಣಮ್ಮ ತೆಗೆದುಕೊಂಡರು, ಒಳಗೆ ಕರೆಯಲಿಲ್ಲ.

ಸಂಗವ್ವನ ಮನೆಗೆ ಹೋಗಲು ಅವಳಿಗೆ ಇನ್ನೂ ಎರಡು ತಿಂಗಳು ಹಿಡಿಯಿತು. ಗೊರಗುಂಟೆಪಾಳ್ಯದ ಹಿಂದಿನ ಓಣಿಯಲ್ಲಿ ಒಂದೇ ಕೋಣೆಯ ಮನೆ. ಸಂಗವ್ವ ಹೊಸ್ತಿಲ ಬಳಿ ಬಿಸಿಲು ಕಾಯಿಸುತ್ತ ಕೂತಿದ್ದಳು. ಮಡಿಲಲ್ಲಿದ್ದ ಅವಳ ಬಲಗೈ ಸುಮ್ಮನೆ ನಡುಗುತ್ತಿತ್ತು.

"ನೀ... ಡಾಕ್ಟರ್ ಏನವಾ?" ಎಂದು ತೊದಲಿದಳು.

"ಅಲ್ಲಮ್ಮ. ನಿಮ್ಮ ರಕ್ತದ ರಿಪೋರ್ಟು ವಾರ್ಡಿಗೆ ಹೋಗೋ ದಾರಿ ನಾನು ಮಾಡಿದ್ದೆ. ಅದನ್ನ ಎಲ್ಲೂ ಬರೆದಿಡ್ಲಿಲ್ಲ. ಆವತ್ತು ಅದು ಅಳಿಸಿಹೋಗಿ ರಿಪೋರ್ಟು ತಲುಪ್ಲಿಲ್ಲ. ಅದಕ್ಕೇ ನಿಮಗೆ ಹೀಗಾಯ್ತು."

ಸಂಗವ್ವನಿಗೆ ಎಷ್ಟು ತಿಳಿಯಿತೋ ಗೊತ್ತಿಲ್ಲ. ಒಳಗಿನಿಂದ ಮಗಳು ಬಂದು ಬಾಗಿಲಲ್ಲಿ ನಿಂತಿದ್ದಳು.

"ಕರೆಂಟ್ ಹೋಗಿತ್ತು, ಮಿಷೀನ್ ಕೆಟ್ಟಿತ್ತು ಅಂತ ಹೇಳಿದ್ರು ನಮಗ. ಇಷ್ಟು ದಿನದ ಮ್ಯಾಲೆ ಈಗ್ಯಾಕ ಬಂದೀರಿ?"

"ನಿಮಗೆ ನಿಜ ಗೊತ್ತಿರಬೇಕು ಅಂತ."

"ನಿಜ ತಗೊಂಡು ನಾ ಏನ್ ಮಾಡ್ಲಿ? ನಮ್ಮವ್ವ ನನ್ನ ಮಗನ ಹೆಸರ ಮರತಾಳ. ದಿನಾ ಕೇಳ್ತಾಳ, ಇಂವ ಯಾರು ಅಂತ." ಅವಳು ತಾಯಿಯ ತೋಳು ಹಿಡಿದು ಎಬ್ಬಿಸಿ ಒಳಗೆ ಕರೆದೊಯ್ದಳು. ಒಳಗೆ ಹೋಗುತ್ತ ಸಂಗವ್ವ ಮಂಜುಶ್ರೀಯ ಕಡೆ ತಿರುಗಿ, ಮನೆಗೆ ಬಂದವರಿಗೆ ಹೇಳುವ ರೂಢಿಯಿಂದ, "ಚಾ ಕುಡದ್ ಹೋಗವಾ," ಎಂದಳು. ಬಾಗಿಲು ಮುಚ್ಚಿತು.

ಆ ಕಾಗದಕ್ಕೆ ಸಹಿ ಹಾಕಿದ್ದನ್ನು ಪ್ರಶ್ನಿಸಬಹುದೆಂದು ಯಾರೋ ವಕೀಲರು ಹೇಳಿದ್ದನ್ನು ಮಂಜುಶ್ರೀ ಒಂದು ಪತ್ರದಲ್ಲಿ ಬರೆದು, ತನ್ನ ಹೇಳಿಕೆಯ ಪ್ರತಿಯ ಜೊತೆ ಆ ಮಗಳಿಗೆ ಕಳಿಸಿದಳು. ಬೇಕಾದರೆ ಸಾಕ್ಷಿ ಹೇಳುತ್ತೇನೆಂದೂ ಬರೆದಳು. ಮರುವರ್ಷ ಗ್ರಾಹಕರ ವೇದಿಕೆಯಿಂದ ಅವಳಿಗೆ ಸಮನ್ಸ್ ಬಂತು. ಹೋಗಿ ಇದ್ದದ್ದನ್ನು ಇದ್ದಂತೆ ಹೇಳಿದಳು. ಪ್ರಕರಣ ಮುಗಿಯುವ ಮೊದಲೇ ಸಂಗವ್ವ ತೀರಿಕೊಂಡಳು, ಕಿಡ್ನಿಯ ಕಾಯಿಲೆಯಿಂದಲೇ. ಮಗಳು ಪ್ರಕರಣವನ್ನು ಬಿಡಲಿಲ್ಲ.

ಒಂದು ವರ್ಷ ಮಂಜುಶ್ರೀಗೆ ಯಾರೂ ಕೆಲಸ ಕೊಡಲಿಲ್ಲ. ಹಿಂದಿನ ಕೆಲಸ ಯಾಕೆ ಬಿಟ್ಟಿರಿ ಎಂದರೆ ಕಾರಣ ಹೇಳುತ್ತಿದ್ದಳು. ಕೇಳಿದವರು ಆಮೇಲೆ ಫೋನ್ ಮಾಡುತ್ತಿರಲಿಲ್ಲ. ಕೊನೆಗೆ ಆರ್.ಟಿ. ನಗರದ ಒಂದು ಸಣ್ಣ ಕಾಲೇಜಿನಲ್ಲಿ ಲ್ಯಾಬುಗಳ ನೆಟ್‌ವರ್ಕ್ ನೋಡಿಕೊಳ್ಳುವ ಕೆಲಸ ಸಿಕ್ಕಿತು. ಅಲ್ಲಿಯೂ ಒಂದು ಪುಟ್ಟ ಕ್ಲೌಡಿತ್ತು, ನಾಲ್ಕು ವರ್ಚುವಲ್ ರೂಟರುಗಳಿದ್ದವು. ಯಾರಾದರೂ ಬೇಗ ಮಾಡಿಕೊಡಿ ಮೇಡಂ ಎಂದು ಅವಸರ ಮಾಡಿದರೆ ಅವಳು ಮೊದಲು ಫಾರಂ ತೆರೆಯುತ್ತಿದ್ದಳು. ಮೊದಲಿದ್ದ ಗೆಲುವು ಕೆಲಸದಲ್ಲಿ ಮತ್ತೆ ಸಿಗಲಿಲ್ಲ.

2019ರ ಫೆಬ್ರವರಿಯ ಒಂದು ಸಂಜೆ ಹೆಬ್ಬಾಳದ ಫ್ಲೈಓವರ್ ಕೆಳಗೆ ಬಸ್ಸಿಗೆ ಕಾಯುತ್ತಿದ್ದಾಗ ವೆಂಕಟಸ್ವಾಮಿ ಕಂಡರು. ಕ್ಷೌರ ಮಾಡಿಸಿದ್ದರು. ಹೆಗಲಿಗೆ ಕೇಬಲ್ಲಿನ ಒಂದು ಸುರುಳಿ ತೂಗುತ್ತಿತ್ತು. ಯಲಹಂಕದ ಇಂಟರ್ನೆಟ್ ಕಚೇರಿಯೊಂದಕ್ಕೆ ಸೇರಿದ್ದಾರೆಂದು ಅವಳು ಕೇಳಿದ್ದಳು. ಅವರೂ ಅವಳನ್ನು ನೋಡಿದರು. ನೋಡಿ ಮುಖ ತಿರುಗಿಸಲಿಲ್ಲ, ಹತ್ತಿರಕ್ಕೂ ಬರಲಿಲ್ಲ.

"ಕೆಲ್ಸ ಸಿಕ್ತಾ?" ಎಂದು ನಿಂತಲ್ಲಿಂದಲೇ ಕೇಳಿದರು.

"ಸಿಕ್ತು ಅಣ್ಣ. ಆರ್.ಟಿ. ನಗರದಲ್ಲಿ."

ಅವರು ತಲೆಯಾಡಿಸಿದರು. ಅಷ್ಟರಲ್ಲಿ ಯಲಹಂಕದ ಬಸ್ ಬಂತು. ಸುರುಳಿಯನ್ನು ಹೆಗಲಿನಿಂದ ಇಳಿಸಿ ಕೈಗೆ ತೆಗೆದುಕೊಂಡು, ಜನರ ನಡುವೆ ನುಗ್ಗಿ ಅವರು ಬಸ್ ಹತ್ತಿದರು.